“ಫಾದರ್ ಹತ್ರ ಹೇಳಿದ್ರೆ ನಿಂಗೆ ಗೊತ್ತಾಗುತ್ತಾ ಅಮ್ಮ?”: ಪುಟ್ಟ ಹುಡುಗರು, ಮನೆಯ ಪ್ರಾರ್ಥನೆ ಮತ್ತು ಕಳೆದುಹೋದ ಒಂದು ಜಪಸರ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನಾನು ಮಾತಾಡ್ತಿರೋದು ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯಿಂದ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಒಂಬತ್ತು, ಚಿಕ್ಕವನಿಗೆ ಆರು. ಸ್ವಲ್ಪ ಭತ್ತದ ಗದ್ದೆ, ಎರಡು ಹಸು, ಮೂಲೆಯಲ್ಲಿ ನನ್ನದೊಂದು ಹೊಲಿಗೆ ಮಿಷನ್. ನಾವು ಕಥೋಲಿಕ ಕ್ರೈಸ್ತರು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡೋದು ನನ್ನ ಕೆಲಸ. ಅದಕ್ಕೇ ಇರಬೇಕು, ತುಂಬ ಜನ ತಾಯಂದಿರು ನನ್ನನ್ನು ಒಂದೇ ಪ್ರಶ್ನೆ ಕೇಳ್ತಾರೆ: “ಐದು ನಿಮಿಷ ಒಂದು ಕಡೆ ಕೂರದ ಈ ಹುಡುಗರಿಗೆ ದೇವರ ಭಯ ಹೇಗೆ ಕಲಿಸ್ತೀರಿ?”

ಇವತ್ತು ಆ ಪ್ರಶ್ನೆಗೇ ಉತ್ತರ ಹೇಳೋಣ ಅಂತ ಬಂದಿದ್ದೀನಿ. ಆದರೆ ಮೊದಲೇ ಹೇಳಿಬಿಡ್ತೀನಿ, ಆ ಪ್ರಶ್ನೆಯಲ್ಲೇ ಒಂದು ತೊಂದರೆ ಇದೆ. “ದೇವರ ಭಯ” ಅನ್ನೋ ಮಾತಿನಲ್ಲಿ. ಅದು ನನಗೆ ಅರ್ಥವಾಗೋಕೆ ನಮ್ಮ ಮನೆಯಲ್ಲಿ ಒಂದು ಜಪಸರ ಕಳೆದುಹೋಗಬೇಕಾಯಿತು.

ಸಂಜೆ ಏಳೂವರೆಯ ಹತ್ತು ನಿಮಿಷ

ಮೊದಲು ನಮ್ಮ ಮನೆಯ ಪ್ರಾರ್ಥನೆ ಹೇಗಿರುತ್ತೆ ಅಂತ ಹೇಳ್ತೀನಿ. ಕ್ಯಾಲೆಂಡರಿನ ಚಿತ್ರದಲ್ಲಿ ಇರುವ ಹಾಗೆ ಇರಲ್ಲ. ಹಾಲು ಕರೆದು ಡೇರಿಗೆ ಹಾಕಿ ಬಂದು, ಕೈಕಾಲು ತೊಳೆದು ಕೂರೋ ಹೊತ್ತಿಗೆ ಏಳೂವರೆ. ಅತ್ತೆ ಮೇಣದಬತ್ತಿ ಹಚ್ಚುತ್ತಾರೆ. ಚಿಕ್ಕವನು ಅದನ್ನು ಊದಿ ಆರಿಸ್ತಾನೆ. ಅತ್ತೆ ಮತ್ತೆ ಹಚ್ಚುತ್ತಾರೆ. ದೊಡ್ಡವನು “ನಮೋ ಮರಿಯಾ” ಶುರು ಮಾಡಿದರೆ ರೈಲು ಓಡಿಸಿದ ಹಾಗೆ ಹೇಳಿ ಮುಗಿಸ್ತಾನೆ. ಯಾರಿಗಾದರೂ ಒಬ್ಬರಿಗೆ ನಗು ಬಂದರೆ ಮುಗೀತು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ಉರುಳ್ತಾರೆ. ಯಜಮಾನರು ಗದರ್ತಾರೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಒಂದು ಬೇಡಿಕೆ ಹೇಳಬೇಕು. ಚಿಕ್ಕವನದು ಒಂದು ವರ್ಷದಿಂದ ಒಂದೇ ಬೇಡಿಕೆ: “ಕೆಂದ ಹಸು ಹೆಣ್ಣುಗರು ಹಾಕಲಿ.”

ನಮ್ಮ ಮಾವನವರು ಇದ್ದಾಗ ಈ ಹತ್ತು ನಿಮಿಷಕ್ಕೆ ಒಂದು ಗಾಂಭೀರ್ಯ ಇತ್ತು. ಅವರು ಗೋಡೆಗೆ ಒರಗಿ ಕೂತು, ಕಪ್ಪು ಮರದ ಮಣಿಗಳ ಜಪಸರ ಹಿಡಿದರೆ ಹುಡುಗರು ಸುಮ್ಮನಾಗ್ತಿದ್ದರು. ಗೊತ್ತಿಲ್ಲದವರಿಗೆ ಹೇಳ್ತೀನಿ: ಕಥೋಲಿಕರ ಜಪಸರದಲ್ಲಿ 59 ಮಣಿ ಇರುತ್ತವೆ. ಹತ್ತು ಹತ್ತು ಮಣಿಗಳ ಐದು ಗುಂಪು, ನಡುವೆ ಬಿಡಿ ಮಣಿಗಳು, ತುದಿಯಲ್ಲಿ ಶಿಲುಬೆ. ಒಂದೊಂದು ಮಣಿಗೆ ಒಂದೊಂದು ಪ್ರಾರ್ಥನೆ. ಹೇಳ್ತಾ ಹೇಳ್ತಾ ಯೇಸುವಿನ ಬದುಕಿನ ಒಂದೊಂದು ಘಟನೆ ನೆನೆಯೋದು. ಮಾವನವರ ಜಪಸರದ ಮಣಿಗಳು ಅವರ ಬೆರಳು ಸವರಿ ಸವರಿ ಎಣ್ಣೆ ಹಚ್ಚಿದ ಹಾಗೆ ಹೊಳೀತಿದ್ದವು. ಅವರು ತೀರಿಕೊಂಡ ಮೇಲೆ ಅದನ್ನು ದೇವರ ಪಟದ ಮೊಳೆಗೆ ನೇತುಹಾಕಿದ್ದೆವು.

ಹೋದ ವರ್ಷ ಆಗಸ್ಟ್ ತಿಂಗಳಲ್ಲಿ ಒಂದು ದಿನ ನೋಡ್ತೀನಿ, ಮೊಳೆ ಖಾಲಿ.

“ಸ್ಕೂಲಿಗೆ ತಗೊಂಡು ಹೋಗಿದ್ದೆ. ಕಳೆದುಹೋಯ್ತು”

ದೊಡ್ಡವನು ತಲೆ ತಗ್ಗಿಸಿ ಹೇಳಿದ. ಸ್ನೇಹಿತರಿಗೆ ತೋರಿಸೋಕೆ ಕೊರಳಿಗೆ ಹಾಕಿಕೊಂಡು ಹೋಗಿದ್ದನಂತೆ. ಆಟದ ಬಯಲಲ್ಲಿ ಬಿದ್ದುಹೋಯ್ತಂತೆ. ನಾನು ಮೂರು ದಿನ ಶಾಲೆಯ ಬಯಲು ಹುಡುಕಿದೆ. ಬಿಸಿಯೂಟದ ಅಡುಗೆಯವರನ್ನು ಕೇಳಿದೆ. ಬೇಲಿ ಸಂದಿ, ಕೊಳಾಯಿ ಹತ್ತಿರ, ಎಲ್ಲ ಕಡೆ ನೋಡಿದೆ. ಸಿಗಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಆ ಮೊಳೆ ಕಡೆ ನೋಡೋದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಕ್ರೈಸ್ತರ ಮನೆಯಲ್ಲಿ ಯಾರಾದರೂ ಮಾಡೋದನ್ನೇ ನಾನೂ ಮಾಡಿದೆ. “ಅಂತೋಣಿಯವರನ್ನ ಕೇಳು ಮಗಾ, ಕಳೆದದ್ದನ್ನ ಅವರು ಹುಡುಕಿಕೊಡ್ತಾರೆ” ಅಂದೆ. ಪ್ರತಿ ಮಂಗಳವಾರ ಒಂದು ಮೇಣದಬತ್ತಿ. ದೊಡ್ಡವನು ಎರಡು ಮೂರು ವಾರ ಹಚ್ಚಿದ. ಆಮೇಲೆ ಒಂದು ಮಂಗಳವಾರ, “ನಾನು ಕೇಳಲ್ಲ, ಅವರು ಕೊಡಲ್ಲ” ಅಂತ ಎದ್ದು ಹೊರಗೆ ಹೋದ. ಅಲ್ಲಿಂದ ಮುಂದೆ ಸಂಜೆ ಪ್ರಾರ್ಥನೆಯಲ್ಲಿ ಅವನು ಕೂತಿರ್ತಿದ್ದ, ತುಟಿ ಅಲ್ಲಾಡ್ತಿರಲಿಲ್ಲ. ನಗೋದನ್ನೂ ಬಿಟ್ಟ. ನನಗೆ ಸಂಕಟ ಆಗಿದ್ದು ಅದಕ್ಕೇ.

ಅಂತೋಣಿಯವರು ಯಾರು, ಕಳೆದದ್ದನ್ನು ಯಾಕೆ ಅವರನ್ನೇ ಕೇಳ್ತೀವಿ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ತಾಲ್ಲೂಕಿನದೇ ಡೋರ್ನಹಳ್ಳಿ ಹೆಸರು ಕೇಳದವರು ಈ ಕಡೆ ಯಾರೂ ಇಲ್ಲ. ಅಲ್ಲಿರೋದು ಪಾದುವಾದ ಸಂತ ಅಂತೋಣಿಯವರ ಪುಣ್ಯಕ್ಷೇತ್ರ. 2019ರಲ್ಲಿ ಅದಕ್ಕೆ ಬಸಿಲಿಕ ಅನ್ನೋ ಗೌರವ ಸಿಕ್ಕಿತು. ಪ್ರತಿ ವರ್ಷ ಜೂನ್ 13ರ ಹಬ್ಬಕ್ಕೆ ಬರೋರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಜನ. ನಮ್ಮ ಪಕ್ಕದ ಮನೆಯವರು ಯುಗಾದಿಗೆ ನಮಗೆ ಒಬ್ಬಟ್ಟು ಕೊಡ್ತಾರೆ, ಜೂನ್‌ನಲ್ಲಿ ನಮ್ಮ ಜೊತೆ ಡೋರ್ನಹಳ್ಳಿಗೂ ಬರ್ತಾರೆ.

ಅಂತೋಣಿಯವರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಮನೆಯವರು ಇಟ್ಟ ಹೆಸರು ಫೆರ್ನಾಂದೊ. ಫ್ರಾನ್ಸಿಸ್ಕನ್ ಸಭೆ ಸೇರಿದ ಮೇಲೆ ಅಂತೋಣಿ ಆದರು. 1231ರ ಜೂನ್ 13ರಂದು ಇಟಲಿಯ ಪಾದುವಾ ಹತ್ತಿರ ತೀರಿಕೊಂಡರು. ಮಣ್ಣು ಮಾಡಿದ್ದು ಮಂಗಳವಾರ. ಅದಕ್ಕೇ ಮಂಗಳವಾರ ಅಂದರೆ ಅವರ ದಿನ. ಅವರು ಸತ್ತು ಒಂದು ವರ್ಷ ತುಂಬೋದರೊಳಗೆ, 1232ರಲ್ಲೇ, ಅವರನ್ನು ಸಂತರೆಂದು ಘೋಷಿಸಿದರು.

ಕಳೆದ ವಸ್ತುವಿನ ಕಥೆ ಇದು: ಅಂತೋಣಿಯವರ ಹತ್ತಿರ ಕೀರ್ತನೆಗಳ ಒಂದು ಪುಸ್ತಕ ಇತ್ತು. ಅಚ್ಚಿನ ಯಂತ್ರ ಇಲ್ಲದ ಕಾಲ, ಕೈಬರಹದ ಪುಸ್ತಕ ಅಂದರೆ ದೊಡ್ಡ ಆಸ್ತಿ. ಪಾಠ ಹೇಳೋಕೆ ಬೇಕಾದ ಟಿಪ್ಪಣಿಯನ್ನೆಲ್ಲ ಅವರು ಅದರಲ್ಲೇ ಬರೆದುಕೊಂಡಿದ್ದರು. ಮಠ ಬಿಟ್ಟು ಓಡಿಹೋದ ಒಬ್ಬ ಹುಡುಗ, ಹೊಸದಾಗಿ ಸೇರಿದವನು, ಅದನ್ನು ಎತ್ತಿಕೊಂಡು ಹೋದ. ಅಂತೋಣಿಯವರು ಪ್ರಾರ್ಥನೆ ಮಾಡಿದರು. ಹುಡುಗನ ಮನಸ್ಸು ತಿರುಗಿತು. ಪುಸ್ತಕ ತಂದುಕೊಟ್ಟ. ಅಷ್ಟೇ ಅಲ್ಲ, ತಾನೂ ಮಠಕ್ಕೆ ವಾಪಸ್ ಬಂದ.

ಈ ಕಥೆಯನ್ನು ನಾನು ಧರ್ಮೋಪದೇಶದ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲವೂ “ಪುಸ್ತಕ ಸಿಕ್ಕಿತು” ಅನ್ನೋದನ್ನು ಒತ್ತಿ ಹೇಳಿದ್ದೀನಿ. “ಹುಡುಗ ವಾಪಸ್ ಬಂದ” ಅನ್ನೋದನ್ನು ಕೊನೆಗೆ ಸೇರಿಸಿ ಬಿಟ್ಟಿದ್ದೀನಿ. ನಿಜವಾಗಿ ಕಥೆ ಇರೋದು ಆ ಎರಡನೇ ಮಾತಿನಲ್ಲಿ.

ಇನ್ನೊಂದು ಕಥೆ ನಮ್ಮ ಡೋರ್ನಹಳ್ಳಿಯದೇ. ಈ ಕಡೆ ಹಿರಿಯರು ಹೇಳೋ ಹಾಗೆ, ಸುಮಾರು ಇನ್ನೂರು ವರ್ಷದ ಹಿಂದೆ ಒಬ್ಬ ರೈತ ಹೊಲ ಉಳುತ್ತಿದ್ದಾಗ ನೇಗಿಲಿಗೆ ಒಂದು ಮರದ ವಿಗ್ರಹ ಸಿಕ್ಕಿತಂತೆ. ಏನಂತ ಗೊತ್ತಾಗದೆ, ಗೊಂಬೆ ಇರಬೇಕು ಅಂತ ಮನೆಗೆ ತಂದು ಮಕ್ಕಳಿಗೆ ಆಡೋಕೆ ಕೊಟ್ಟನಂತೆ. ರಾತ್ರಿ ಕನಸಿನಲ್ಲಿ ಸನ್ಯಾಸಿಯ ಉಡುಪಿನವರೊಬ್ಬರು ಬಂದು, ನನಗೊಂದು ಗುಡಿ ಕಟ್ಟು ಅಂದರಂತೆ. ಅವನು ಗಮನ ಕೊಡಲಿಲ್ಲ. ಮನೆಯಲ್ಲಿ ಕಷ್ಟ ಬಂತು. ಆಮೇಲೆ ಗುಡಿ ಕಟ್ಟಿದ.

ಇದನ್ನು ಅತ್ತೆ ಹೇಳಿದಾಗ ದೊಡ್ಡವನು ಒಂದು ಪ್ರಶ್ನೆ ಕೇಳಿದ್ದ. ಜಪಸರ ಕಳೆದ ಮೇಲಿನ ಮಾತು ಇದು. “ಅಜ್ಜಿ, ಮಕ್ಕಳು ಗೊಂಬೇಲಿ ಆಡಿದ್ದಕ್ಕೆ ಅಂತೋಣಿಯವರಿಗೆ ಕೋಪ ಬಂತಾ? ಅದಕ್ಕೇ ಕಷ್ಟ ಕೊಟ್ರಾ?” ಅತ್ತೆ, “ಹೂಂ, ಮತ್ತೆ, ದೇವರ ವಸ್ತು ಜೊತೆ ಆಟ ಆಡಬಾರದು” ಅಂದರು. ನಾನು ಪಕ್ಕದಲ್ಲೇ ಅವರೆಕಾಯಿ ಸುಲೀತಾ ಕೂತಿದ್ದೆ. ಹುಡುಗನ ಮುಖ ನೋಡಲಿಲ್ಲ. ನೋಡಬೇಕಿತ್ತು.

ನಾನು ಮಾಡಹೊರಟಿದ್ದ ಕೆಲಸ

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ. ನವೆಂಬರ್‌ನಲ್ಲಿ ಒಂದು ಮಂಗಳವಾರ ಡೋರ್ನಹಳ್ಳಿಗೆ ಹೋಗಿದ್ದೆ. ಅಲ್ಲಿ ಅಂಗಡಿಯಲ್ಲಿ ಕಪ್ಪು ಮರದ ಮಣಿಗಳ ಜಪಸರ ನೇತುಹಾಕಿದ್ದರು. ಮಾವನವರದರ ಹಾಗೇ ಕಾಣ್ತಿತ್ತು. ತಲೆಗೆ ಒಂದು ಯೋಚನೆ ಬಂತು. ಇದನ್ನು ತಗೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಹುಡುಗನ ಹಳೇ ಬ್ಯಾಗಿನ ತಳದಲ್ಲಿ ಹಾಕಿಬಿಟ್ಟರೆ? “ನೋಡಿದ್ಯಾ, ಅಂತೋಣಿಯವರು ಹುಡುಕಿಕೊಟ್ರು” ಅಂದುಬಿಟ್ಟರೆ? ಹುಡುಗನಿಗೆ ನಂಬಿಕೆ ವಾಪಸ್ ಬರುತ್ತೆ, ಅತ್ತೆಗೂ ಸಮಾಧಾನ ಆಗುತ್ತೆ.

ತಗೊಂಡೇ ಬಿಟ್ಟೆ. ಮನೆಗೆ ತಂದು ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಇಟ್ಟೆ. ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ ಅಂತ ಕ್ರಿಸ್ಮಸ್ ಬಂತು. ಹುಡುಗರು ಅಪ್ಪನ ಜೊತೆ ಸೇರಿ ಹುಲ್ಲು, ಮಣ್ಣು ತಂದು ಗೋದಲಿ ಕಟ್ಟಿದರು, ರಾಗಿ ಚೆಲ್ಲಿ ಪೈರು ಬರಿಸಿದರು. ಆಗಲೂ ಹಾಕೋಕೆ ಕೈ ಬರಲಿಲ್ಲ. ಯಾಕೆ ಅಂತ ಆಗ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಸುಳ್ಳು ಹೇಳಿ ದೇವರನ್ನು ನಂಬಿಸೋದು ಅಂದರೆ, ನಾಳೆ ಸುಳ್ಳು ಗೊತ್ತಾದ ದಿನ ದೇವರೂ ಅದರ ಜೊತೆ ಹೋಗಿಬಿಡ್ತಾನೆ. ಅದೊಂದು ಅಳುಕು ಇತ್ತು.

ಆ ಪ್ರಶ್ನೆ

ತಪಸ್ಸು ಕಾಲ ಬಂತು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಉಪವಾಸದ ದಿನಗಳು. ದೊಡ್ಡವನು ಆ ವರ್ಷ ಮೊದಲ ಸಲ ಪರಮಪ್ರಸಾದ ತಗೊಳ್ಳೋಕೆ ಸಿದ್ಧವಾಗ್ತಿದ್ದ. ಅದಕ್ಕೆ ಮುಂಚೆ ಪಾಪನಿವೇದನೆ ಮಾಡಬೇಕು. ಒಂದು ರಾತ್ರಿ ಮಲಗೋ ಹೊತ್ತಲ್ಲಿ, ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದ:

“ಅಮ್ಮ, ಫಾದರ್ ಹತ್ರ ಹೇಳಿದ್ರೆ ನಿಂಗೆ ಗೊತ್ತಾಗುತ್ತಾ?”

ಈ ಪ್ರಶ್ನೆಗೆ ಮೊದಲು ಪಾಠದ ಉತ್ತರ ಹೇಳಿಬಿಡ್ತೀನಿ, ಕೇಳುವ ತಂದೆತಾಯಿಗಳಿಗೆ ಬೇಕಾಗುತ್ತೆ. ಪಾಪನಿವೇದನೆ ಅಂದರೆ, ಮಾಡಿದ ತಪ್ಪನ್ನು ಗುರುಗಳ ಮುಂದೆ ಬಾಯಿಬಿಟ್ಟು ಹೇಳಿ, ದೇವರ ಕ್ಷಮೆ ಪಡೆಯೋ ಸಂಸ್ಕಾರ. ಗುರುಗಳು ಕೇಳಿಸಿಕೊಂಡದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ತಾಯಿಗೂ ಇಲ್ಲ, ಪೊಲೀಸರಿಗೂ ಇಲ್ಲ, ಬಿಷಪ್ಪರಿಗೂ ಇಲ್ಲ. ಬೇಕೆಂದೇ ಆ ಗುಟ್ಟು ಹೊರಹಾಕಿದ ಗುರುವಿಗೆ ಧರ್ಮಸಭೆಯ ಅತಿ ದೊಡ್ಡ ಶಿಕ್ಷೆ, ಬಹಿಷ್ಕಾರ, ತಾನಾಗಿಯೇ ಬೀಳುತ್ತೆ.

ವಯಸ್ಸಿನ ವಿಷಯವೂ ಹೇಳಬೇಕು. ಹಿಂದೆ ಮಕ್ಕಳು ಪರಮಪ್ರಸಾದಕ್ಕೆ ಹತ್ತು, ಹನ್ನೆರಡು ವರ್ಷದವರೆಗೂ, ಕೆಲವು ಕಡೆ ಅದಕ್ಕಿಂತ ಹೆಚ್ಚು ಕಾಯಬೇಕಿತ್ತು. 1910ರಲ್ಲಿ 10ನೇ ಪಿಯೂಸ್ ಜಗದ್ಗುರುಗಳು ಅದನ್ನು ಬದಲಾಯಿಸಿದರು. ಸರಿ ತಪ್ಪು ತಿಳಿಯೋ ವಯಸ್ಸು, ಅಂದರೆ ಸುಮಾರು ಏಳು ವರ್ಷ ಆದರೆ ಸಾಕು ಅಂದರು. ಇದರ ಹಿಂದಿನ ನಂಬಿಕೆ ನೋಡಿ. ಏಳು ವರ್ಷದ ಮಗುವಿಗೂ ಒಂದು ಮನಸ್ಸಾಕ್ಷಿ ಇದೆ, ಅದೂ ಭಾರ ಹೊರುತ್ತೆ, ಅದಕ್ಕೂ ಇಳಿಸೋ ಜಾಗ ಬೇಕು. ದೊಡ್ಡವರಾದ ನಾವು ಇದನ್ನ ಮರೀತೀವಿ. “ಮಕ್ಕಳಿಗೇನು ಚಿಂತೆ” ಅಂತೀವಿ.

ಈ ಪಾಠವನ್ನೆಲ್ಲ ಅವತ್ತು ರಾತ್ರಿ ನಾನು ಹೇಳಲಿಲ್ಲ. “ಇಲ್ಲ ಮಗಾ, ಗೊತ್ತಾಗಲ್ಲ. ಫಾದರ್ ಯಾರಿಗೂ ಹೇಳಲ್ಲ” ಅಂದೆ. ಅವನು ಉಸಿರು ಬಿಟ್ಟ. ಆ ಉಸಿರು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನನ್ನ ಮಗ ನನ್ನಿಂದ ಏನೋ ಬಚ್ಚಿಟ್ಟಿದ್ದಾನೆ. ನಾನೂ ಅವನಿಂದ ಬಚ್ಚಿಟ್ಟಿದ್ದೀನಿ, ಬೀರುವಿನಲ್ಲಿ.

ಎದ್ದು ದೀಪ ಹಾಕಿದೆ. ಸೀರೆ ಮಡಿಕೆಯಿಂದ ಆ ಹೊಸ ಜಪಸರ ತೆಗೆದು ಅವನ ಮುಂದೆ ಇಟ್ಟೆ. “ಇದನ್ನ ನಿನ್ನ ಬ್ಯಾಗಲ್ಲಿ ಹಾಕಿ, ಅಂತೋಣಿಯವರು ಕೊಟ್ರು ಅಂತ ಹೇಳೋಣ ಅಂತಿದ್ದೆ. ಅದು ಸುಳ್ಳು. ತಪ್ಪಾಯ್ತು ಕಂದ” ಅಂದೆ.

ಅವನು ಅದನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ಕೂಲಲ್ಲಿ ಕಳೆದುಹೋಗಿಲ್ಲ ಅಮ್ಮ, ನಾಲೇಲಿ” ಅಂದ.

ನಾಲೆಯಲ್ಲಿ ನಡೆದದ್ದು

ನಮ್ಮ ತಾಲ್ಲೂಕಿಗೆ ಅನ್ನ ಕೊಡೋದೇ ಕಾವೇರಿ ನೀರಿನ ನಾಲೆಗಳು. ಮುಂಗಾರು ಭತ್ತಕ್ಕೆ ನೀರು ಬಿಟ್ಟರೆ ಊರೆಲ್ಲ ಹಬ್ಬ. ಆದರೆ ಅದೇ ನಾಲೆ ಮಕ್ಕಳ ಪಾಲಿಗೆ ಯಮ. ಮೇಲೆ ನೋಡೋಕೆ ನಿಧಾನ, ಒಳಗೆ ಸೆಳೆತ. ಮೆಟ್ಟಿಲ ಮೇಲೆ ಪಾಚಿ. ನೀರಲ್ಲಿ ಮುಳುಗೋದು ಪ್ರಪಂಚದಲ್ಲೇ ಚಿಕ್ಕ ಮಕ್ಕಳ ಸಾವಿಗೆ ಪ್ರಮುಖ ಕಾರಣಗಳಲ್ಲಿ ಒಂದು. 2021ರಿಂದ ವಿಶ್ವಸಂಸ್ಥೆ ಜುಲೈ 25ನ್ನು ಅದರ ತಡೆಗೇ ಅಂತ ಆಚರಿಸ್ತಿದೆ. ಹುಡುಗರು ನಾಲೆ ಕಡೆ ಹೋಗಲೇಕೂಡದು ಅನ್ನೋದು ನಮ್ಮ ಮನೆಯ ಮೊದಲ ಕಾನೂನು.

ಅವತ್ತು ಶಾಲೆ ಬಿಟ್ಟ ಮೇಲೆ ಇಬ್ಬರೂ ಹೋಗಿದ್ದಾರೆ. ದೊಡ್ಡವನು ತಾತನ ಜಪಸರ ಕೊರಳಿಗೆ ಹಾಕಿಕೊಂಡಿದ್ದಾನೆ. ಚಿಕ್ಕವನು ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯೋಕೆ ಹೋಗಿ ಜಾರಿದ್ದಾನೆ. ಸೊಂಟದವರೆಗೆ ನೀರು. ದೊಡ್ಡವನು ಒಂದು ಕೈಯಲ್ಲಿ ಗಿಡದ ಬುಡ ಹಿಡಿದು ಬಗ್ಗಿ, ಇನ್ನೊಂದು ಕೈಯಲ್ಲಿ ತಮ್ಮನ ಅಂಗಿ ಹಿಡಿದಿದ್ದಾನೆ. ಚಿಕ್ಕವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದಾನೆ. ಸಿಕ್ಕಿದ್ದು ಜಪಸರ. ಅದು ಕಿತ್ತು ನೀರಿಗೆ ಹೋಯ್ತು. ತಮ್ಮ ಮೇಲೆ ಬಂದ.

ಇಬ್ಬರೂ ಬಿಸಿಲಲ್ಲಿ ಕೂತು ಬಟ್ಟೆ ಒಣಗಿಸಿಕೊಂಡು ಮನೆಗೆ ಬಂದರು. “ಅಮ್ಮಂಗೆ ಹೇಳಬೇಡ” ಅಂತ ತಮ್ಮನ ಹತ್ತಿರ ಆಣೆ ಹಾಕಿಸಿಕೊಂಡ. ಆರು ತಿಂಗಳು ಇಬ್ಬರೂ ಬಾಯಿ ಬಿಟ್ಟಿಲ್ಲ. ಆ ಆರು ತಿಂಗಳೂ ನಾನು ಶಾಲೆ ಬಯಲಲ್ಲಿ ಸಿಗಲಿ ಅಂತ ಬೇಡಿಕೊಳ್ಳೋಕೆ ಅವನನ್ನ ಕೂರಿಸ್ತಿದ್ದೆ. ಅವನಿಗೆ ಗೊತ್ತು, ಅದು ಅಲ್ಲಿಲ್ಲ ಅಂತ. ಸಂತರ ಮುಂದೆ ಸುಳ್ಳು ಬೇಡಿಕೆ ಹೇಳೋದಕ್ಕಿಂತ ಬಾಯಿ ಮುಚ್ಚಿಕೊಳ್ಳೋದು ಮೇಲು ಅಂತ ಅವನಿಗೆ ಅನ್ನಿಸಿದೆ. ನಂಬಿಕೆ ಹೋಗಿದೆ ಅಂತ ನಾನು ಅಂದುಕೊಂಡಿದ್ದೆ. ನಂಬಿಕೆ ಇದ್ದದ್ದರಿಂದಲೇ ಅವನು ಸುಮ್ಮನಾಗಿದ್ದ.

ಕೇಳಿದ ತಕ್ಷಣ ನಾನೇನು ಮಾಡಿದೆ ಅಂತ ಮುಚ್ಚಿಡಲ್ಲ. ಕೈ ಎತ್ತಿತ್ತು. ಹೊಡೆಯಲಿಲ್ಲ. ಹಿತ್ತಲಿಗೆ ಹೋಗಿ ತೊಟ್ಟಿ ಪಕ್ಕ ನಿಂತು ಅತ್ತೆ. ಚಿಕ್ಕವನ ಅಂಗಿ ಹರಿದಿದ್ದರೆ? ಆ ಗಿಡದ ಬುಡ ಕಿತ್ತುಬಂದಿದ್ದರೆ? ಒಳಗೆ ಬಂದಾಗ ಅವನು ಇನ್ನೂ ಹಾಗೇ ಕೂತಿದ್ದ. “ಅಂತೋಣಿಯವರು ನಂಗೆ ಕಷ್ಟ ಕೊಡ್ತಾರಾ?” ಅಂತ ಕೇಳಿದ. ಆಗ ನೆನಪಾಯಿತು, ಅಜ್ಜಿ ಹೇಳಿದ ಗೊಂಬೆಯ ಕಥೆ.

ಬೆಳಿಗ್ಗೆ ಯಜಮಾನರಿಗೂ ಅತ್ತೆಗೂ ಹುಡುಗನೇ ಹೇಳಿದ, ನಾನು ಪಕ್ಕದಲ್ಲಿದ್ದೆ. ಯಜಮಾನರು ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದರು, ಬಹಳ ಹೊತ್ತು ವಾಪಸ್ ಬರಲಿಲ್ಲ. ಅತ್ತೆ ಮಾತ್ರ ಇಬ್ಬರನ್ನೂ ಹತ್ತಿರ ಎಳೆದುಕೊಂಡು, “ನಿಮ್ಮ ತಾತ ಇದ್ದಿದ್ರೂ ಸರ ಬಿಟ್ಟು ಮಗೂನೇ ಹಿಡೀತಿದ್ರು ಕಣೋ” ಅಂದರು. ಇದಕ್ಕಿಂತ ಒಳ್ಳೆ ಉಪದೇಶ ನನಗೆ ಬರಲ್ಲ.

ಕಣ್ಣು ಕುಕ್ಕೋ ಸಾಮಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೇವರ ಭಯ.

ನಮ್ಮ ಕಡೆ ಯಾವ ಜಾತಿ, ಯಾವ ಧರ್ಮದ ಮನೆಯಾಗಲಿ, ಮಕ್ಕಳಿಗೆ ಹೇಳೋ ಮೊದಲ ಧರ್ಮಬೋಧೆ ಒಂದೇ: “ಸುಳ್ಳು ಹೇಳಿದ್ರೆ ಸಾಮಿ ಕಣ್ಣು ಕುಕ್ಕುತ್ತೆ.” ನಾನೂ ಹೇಳಿದ್ದೀನಿ. ನಮಗೆ ಅದು ಸುಲಭ. ನಾವಿಲ್ಲದ ಕಡೆ ಕಾವಲಿಗೆ ದೇವರನ್ನು ನಿಲ್ಲಿಸಿದ ಹಾಗೆ. ಆದರೆ ಮಗು ಕಲಿಯೋದು ಬೇರೆ. ಮಗು ಸುಳ್ಳು ಬಿಡಲ್ಲ, ಅದನ್ನ ಇನ್ನೂ ಆಳವಾಗಿ ಬಚ್ಚಿಡೋದನ್ನ ಕಲಿಯುತ್ತೆ. ತಪ್ಪು ಮಾಡಿದ ದಿನ ದೇವರ ಕಡೆ ಓಡಿಬರಬೇಕಾದ ಮಗು ದೇವರಿಂದಲೇ ಓಡಿಹೋಗುತ್ತೆ. ನಾಲೆಯಿಂದ ಬಂದ ನನ್ನ ಮಗ ಅವತ್ತು ಸಂಜೆ ನನ್ನ ಮಡಿಲಿಗೆ ಬಂದು ನಡುಗಬೇಕಿತ್ತು. ಬಟ್ಟೆ ಒಣಗಿಸಿಕೊಂಡು ಬಂದ. ಅದು ಅವನ ತಪ್ಪು ಅಂತ ನನಗೆ ಅನ್ನಿಸಲ್ಲ. ಹೇಳಿದರೆ ಏನಾಗುತ್ತೋ ಅನ್ನೋ ಭಯವನ್ನು ನಾವೇ ಕಟ್ಟಿದ್ದೆವು.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸು ಕಳೆದುಹೋದವರ ಬಗ್ಗೆ ಮೂರು ಕಥೆ ಹೇಳ್ತಾನೆ. ನೂರು ಕುರಿಯಲ್ಲಿ ಒಂದು. ಹತ್ತು ನಾಣ್ಯದಲ್ಲಿ ಒಂದು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ. ಕಡೆಯ ಕಥೆಯಲ್ಲಿ ಆಸ್ತಿ ಹಾಳುಮಾಡಿ ಬಂದ ಮಗ, ಬಾಯಿಪಾಠ ಮಾಡಿಕೊಂಡು ಬಂದ ಕ್ಷಮೆಯ ಮಾತು ಮುಗಿಸೋದಕ್ಕೂ ಮುಂಚೆ ಅಪ್ಪ ಓಡಿಬಂದು ತಬ್ಬಿಕೊಳ್ತಾನೆ. ಲೆಕ್ಕ ಕೇಳಲ್ಲ. ಇಬ್ಬರು ಗಂಡುಮಕ್ಕಳ ತಾಯಿಯಾಗಿ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ನಾನು ಮಾಡಬೇಕಾದ ಕೆಲಸ ಇದೆ ಅಂತ ತಿಳಿದದ್ದು ಆ ರಾತ್ರಿ.

ಹಾಗಂತ ತಪ್ಪಿಗೆ ಬೆಲೆ ಇಲ್ಲ ಅಂತಲ್ಲ. ಒಂದು ತಿಂಗಳು ಇಬ್ಬರೂ ಶಾಲೆ ಬಿಟ್ಟ ಮೇಲೆ ನೇರ ಮನೆಗೆ, ಆಟ ಇಲ್ಲ. ನಾಲೆಗೆ ಹೋಗ್ತಿದ್ದ ಬೇರೆ ಹುಡುಗರ ಮನೆಗಳಿಗೂ ಯಜಮಾನರು ಹೋಗಿ, ನಮ್ಮ ಮನೆಯಲ್ಲಿ ಹೀಗಾಯ್ತು, ನೋಡಿಕೊಳ್ಳಿ ಅಂತ ಹೇಳಿ ಬಂದರು. ಕ್ಷಮೆ ಬೇರೆ, ಎಚ್ಚರಿಕೆ ಬೇರೆ. ಎರಡೂ ಬೇಕು.

ಮನೆಯಲ್ಲಿ ನಾವು ಬದಲಾಯಿಸಿದ್ದು

ಕೇಳ್ತಿರೋ ತಂದೆತಾಯಿಗಳಿಗೆ ಉಪಯೋಗ ಆಗಬಹುದು ಅಂತ ಹೇಳ್ತೀನಿ. ದೊಡ್ಡ ವಿಷಯಗಳೇನಲ್ಲ.

ಒಂದು, ಸಂಜೆ ಪ್ರಾರ್ಥನೆಯನ್ನು ಉದ್ದ ಮಾಡೋದು ಬಿಟ್ಟೆವು. ಆರು ವರ್ಷದವನಿಗೆ ಹತ್ತು ನಿಮಿಷವೇ ಹೆಚ್ಚು. ಇಡೀ ಜಪಸರ ಬೇಡ, ಒಂದು ಹತ್ತು ಮಣಿ ಸಾಕು. ನಗು ಬಂದರೆ ನಗಲಿ. ನಗೋ ಮಗು ಅಲ್ಲೇ ಇದೆ ಅಂತ ಅರ್ಥ.

ಎರಡು, ಕೊನೆಗೆ ಬೇಡಿಕೆ ಹೇಳೋ ಜೊತೆಗೆ, ಅವತ್ತು ಮಾಡಿದ ಒಂದು ತಪ್ಪನ್ನು ಹೇಳೋದು ಶುರು ಮಾಡಿದೆವು. ಮೊದಲು ದೊಡ್ಡವರು ಹೇಳಬೇಕು. “ಇವತ್ತು ಹಾಲಿನ ಡೇರಿಯಲ್ಲಿ ಸುಮ್ಮಸುಮ್ಮನೆ ಜಗಳ ಆಡಿದೆ” ಅಂತ ಅಪ್ಪ ಹೇಳಿದ ದಿನ ಹುಡುಗರು ಬಾಯಿ ತೆರೆದು ನೋಡಿದರು. ಅವತ್ತು ಹೇಳಿದ ತಪ್ಪಿಗೆ ಅವತ್ತು ಬೈಗುಳ ಇಲ್ಲ ಅಂತ ಕರಾರು. ಈ ಕರಾರು ಉಳಿಸಿಕೊಳ್ಳೋದು ಕಷ್ಟ. ನನ್ನ ಕತ್ತರಿಯಲ್ಲಿ ಚಿಕ್ಕವನು ಗಾಳಿಪಟಕ್ಕೆ ಅಂತ ಗಿರಾಕಿಯ ರವಿಕೆ ಬಟ್ಟೆ ಕತ್ತರಿಸಿದ್ದನ್ನ ಹೇಳಿದ ದಿನ ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

ಮೂರು, “ಸಾಮಿ ಕಣ್ಣು ಕುಕ್ಕುತ್ತೆ” ಅನ್ನೋ ಮಾತು ನಿಂತಿತು. ಅತ್ತೆಯೂ ನಿಲ್ಲಿಸಿದ್ದಾರೆ, ಮುಕ್ಕಾಲು ಪಾಲು.

ನಾಲ್ಕು, ಧರ್ಮೋಪದೇಶದಲ್ಲಿ ಅಂತೋಣಿಯವರ ಕಥೆ ಹೇಳುವಾಗ ಈಗ ಹುಡುಗ ವಾಪಸ್ ಬಂದದ್ದನ್ನು ಮೊದಲು ಹೇಳ್ತೀನಿ. ಪ್ರಾರ್ಥನೆ ಅಂದರೆ ಗುಂಡಿ ಒತ್ತಿದರೆ ವಸ್ತು ಉದುರೋ ಮಿಷನ್ ಅಲ್ಲ ಅಂತ ಮಕ್ಕಳಿಗೆ ಅರ್ಥವಾಗುತ್ತೆ. ಹೇಳೋಕೆ ಹೆದರಬೇಕಾಗಿಲ್ಲ.

ಜೂನ್ 13

ಮೇ ತಿಂಗಳಲ್ಲಿ ದೊಡ್ಡವನು ಮೊದಲ ಪರಮಪ್ರಸಾದ ತಗೊಂಡ. ಅದಕ್ಕೆ ಹಿಂದಿನ ದಿನ ಪಾಪನಿವೇದನೆ. ಅಲ್ಲಿ ಏನು ಹೇಳಿದ ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಹೊರಗೆ ಬಂದು, “ಹಸಿವಾಗ್ತಿದೆ” ಅಂದ. ಬೀರುವಿನಲ್ಲಿದ್ದ ಹೊಸ ಜಪಸರವನ್ನು ಅವತ್ತು ಅವನಿಗೆ ಕೊಟ್ಟೆ, ಅಮ್ಮ ಡೋರ್ನಹಳ್ಳಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಅಂತ ಹೇಳಿಯೇ ಕೊಟ್ಟೆ.

ಜೂನ್ 13ಕ್ಕೆ ಎಲ್ಲರೂ ಡೋರ್ನಹಳ್ಳಿಗೆ ಹೋದೆವು, ಪಕ್ಕದ ಮನೆಯವರೂ ಬಂದಿದ್ದರು. ಜನವೋ ಜನ. ಚಿಕ್ಕವನನ್ನು ಯಜಮಾನರು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅಂತೋಣಿಯವರ ವಿಗ್ರಹ ನೀವು ನೋಡಿರಬಹುದು. ಕೈಯಲ್ಲಿ ಒಂದು ಮಗು ಇರುತ್ತೆ, ಬಾಲಯೇಸು. ಒಂದು ರಾತ್ರಿ ಅವರು ತಂಗಿದ್ದ ಮನೆಯ ಯಜಮಾನ ಇಣುಕಿ ನೋಡಿದಾಗ, ಅವರು ಬೆಳಕಿನಂಥ ಮಗುವೊಂದನ್ನು ಎತ್ತಿಕೊಂಡಿದ್ದರು ಅಂತ ಕಥೆ. ದೊಡ್ಡವನು ಅದನ್ನೇ ನೋಡ್ತಾ ನಿಂತಿದ್ದ.

“ಅಮ್ಮ, ಅಷ್ಟು ಹೊತ್ತು ಮಗು ಎತ್ತಿಕೊಂಡಿರೋರಿಗೆ ಮಕ್ಕಳು ಆಟ ಆಡಿದ್ರೆ ಕೋಪ ಬರಲ್ಲ ಅಲ್ವಾ?”

“ಬರಲ್ಲ ಮಗಾ” ಅಂದೆ.

ತಾತನ ಜಪಸರ ಸಿಗಲಿಲ್ಲ. ಅದು ಈಗ ಯಾವ ಗದ್ದೆಯ ಮಣ್ಣಲ್ಲಿದೆಯೋ. ಮೊಳೆ ಮಾತ್ರ ಖಾಲಿ ಇಲ್ಲ, ದೊಡ್ಡವನು ತನ್ನದನ್ನ ಅಲ್ಲೇ ನೇತುಹಾಕ್ತಾನೆ. ಅಂದ ಹಾಗೆ, ಕೆಂದ ಹಸು ಕರು ಹಾಕಿತು. ಗಂಡುಗರು. ಚಿಕ್ಕವನು ಮುಂದಿನ ಸಲಕ್ಕೆ ಮತ್ತೆ ಕೇಳ್ತಿದ್ದಾನೆ.

ನಿಮ್ಮ ಮನೆಯ ಮಕ್ಕಳು ಯಾವುದಾದರೂ ಒಂದು ವಿಷಯಕ್ಕೆ ಇದ್ದಕ್ಕಿದ್ದ ಹಾಗೆ ಮೌನವಾಗಿದ್ದರೆ, ಬೈಯೋಕೆ ಮುಂಚೆ ಒಂದು ರಾತ್ರಿ ಅವರ ಪಕ್ಕ ಕೂತು ನೋಡಿ. ಮೊದಲು ನಿಮ್ಮದೊಂದು ತಪ್ಪು ಹೇಳಿ. ಮತ್ತೆ ಸಿಗೋಣ.